ಯಾವ ರೀಲ್ ತಗೊಳ್ಳಲಿ ಅಂತ ಕೇಳುವವರಿಗೆ

ನಾನು ಗಾಳ ಹಾಕುವವನು ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: "ಯಾವ ರೀಲ್ ತಗೊಳ್ಳಲಿ?" ಹೊಸಬರೂ ಕೇಳುತ್ತಾರೆ, ವರ್ಷಗಟ್ಟಲೆ ಮೀನು ಹಿಡಿದವರೂ ಕೇಳುತ್ತಾರೆ. ನನ್ನ ಉತ್ತರವೂ ಪ್ರತಿ ಸಲ ಒಂದೇ. ರೀಲ್, ಅಂದರೆ ಗಾಳದ ದಾರ ಸುತ್ತುವ ಗಾಲಿ, ಅದರ ವಿಚಾರ ಕೊನೆಗೆ ಇಟ್ಟುಕೊಳ್ಳಿ. ಮೊದಲು ಕೊಕ್ಕೆ, ಆಮೇಲೆ ಗಂಟು, ಆಮೇಲೆ ದಾರ, ಅದಾದ ಮೇಲೆ ರೀಲು. ಗಮನ ಕೊಡುವುದೂ ಇದೇ ಕ್ರಮದಲ್ಲಿ, ದುಡ್ಡು ಹಾಕುವುದೂ ಇದೇ ಕ್ರಮದಲ್ಲಿ.

ಯಾಕೆ ಅಂತೀರಾ? ದೊಡ್ಡ ಮೀನು ತಪ್ಪಿಸಿಕೊಂಡ ಕಥೆಗಳನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಕೊಕ್ಕೆ ಕಳಚಿತು ಅಂತಾರೆ, ಗಂಟು ಜಾರಿತು ಅಂತಾರೆ, ದಾರ ತುಂಡಾಯಿತು ಅಂತಾರೆ. ರೀಲ್ ಕೈಕೊಟ್ಟು ಮೀನು ಹೋಯಿತು ಅನ್ನುವವರು ತೀರಾ ಅಪರೂಪ. ಹಾಗಿದ್ದರೂ ಅಂಗಡಿಗೆ ಹೋದವರು ಮೊದಲು ಕೈಹಾಕುವುದು ಹೊಳೆಯುವ ರೀಲಿಗೆ. ಉಳಿದ ಚಿಲ್ಲರೆಯಲ್ಲಿ ದಾರ, ಕೊಕ್ಕೆ ತರುತ್ತಾರೆ.

"ದಾರ ತುಂಡಾಯಿತು" ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ತುಂಡಾದ ತುದಿ. ಅದನ್ನು ಬೆಳಕಿಗೆ ಹಿಡಿದು ನೋಡಿ, ಎಲ್ಲ ಹೇಳುತ್ತದೆ. ತುದಿ ಸುರುಳಿ ಸುರುಳಿಯಾಗಿದ್ದರೆ ದಾರ ತುಂಡಾಗಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ತುದಿಯ ಹಿಂದಿನ ಒಂದೆರಡು ಗೇಣು ದಾರ ತರಿತರಿಯಾಗಿದ್ದರೆ ಕಲ್ಲಿಗೋ ಮರದ ಬೇರಿಗೋ ಉಜ್ಜಿದೆ. ಕೊಕ್ಕೆಯ ಹತ್ತಿರ ಕತ್ತರಿಸಿದ ಹಾಗಿದ್ದರೆ ಮೀನಿನ ಹಲ್ಲು. ಕೊಕ್ಕೆಯಿಂದ ಎಷ್ಟೋ ದೂರದಲ್ಲಿ, ಎಲ್ಲೂ ಸಿಕ್ಕಿಕೊಳ್ಳದ ಜಾಗದಲ್ಲಿ ತುಂಡಾಗಿದ್ದರೆ ನಿಮ್ಮ ರಾಡಿನಲ್ಲಿ (ಗಾಳದ ಕೋಲಿನಲ್ಲಿ) ದಾರ ಹಾದುಹೋಗುವ ಯಾವುದೋ ಉಂಗುರದಲ್ಲಿ ಬಿರುಕಿದೆ ಅಂತ ಅನುಮಾನ ಪಡಿ. ಸ್ವಲ್ಪ ಹತ್ತಿಯನ್ನು ಪ್ರತಿ ಉಂಗುರದ ಒಳಗೂ ತಿರುಗಿಸಿ. ಬಿರುಕಿದ್ದ ಕಡೆ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಕಾರಣ ಗೊತ್ತಾಗದೆ ಸುಮ್ನೆ ಇನ್ನೂ ದಪ್ಪ ದಾರ ಹಾಕಿದರೆ ಏನೂ ಸರಿಹೋಗುವುದಿಲ್ಲ.

ಕೊಕ್ಕೆಯ ವಿಷಯ ಬೇಗ ಮುಗಿಸುತ್ತೇನೆ. ಹೆಬ್ಬೆರಳಿನ ಉಗುರಿನ ಮೇಲೆ ಮೊನೆಯನ್ನು ಹಗುರವಾಗಿ ಎಳೆಯಿರಿ. ಉಗುರನ್ನು ಕಚ್ಚಿ ನಿಂತರೆ ಹರಿತವಾಗಿದೆ, ಜಾರಿಕೊಂಡು ಹೋದರೆ ಮೊಂಡಾಗಿದೆ. ಮೊಂಡಾಗಿದ್ದರೆ ಅರದಿಂದ ಉಜ್ಜಿ, ಇಲ್ಲವೇ ಬದಲಾಯಿಸಿ. ಇನ್ನೊಂದು ಮಾತು. ತೆಳು ದಾರಕ್ಕೆ ದಪ್ಪ ತಂತಿಯ ಕೊಕ್ಕೆ ಕಟ್ಟಬೇಡಿ. ದಪ್ಪ ಕೊಕ್ಕೆ ಒಳಗೆ ಇಳಿಯಬೇಕಾದರೆ ಜೋರಾಗಿ ಎಳೆಯಬೇಕು, ಆ ಬಲವನ್ನು ತೆಳು ದಾರ ತಡೆಯುವುದಿಲ್ಲ. ಮೀನನ್ನು ಹಿಡಿದು ಮತ್ತೆ ನೀರಿಗೆ ಬಿಡುವವರಿಗೆ ಸರ್ಕಲ್ ಹುಕ್, ಅಂದರೆ ಮೊನೆ ಒಳಮುಖವಾಗಿ ಬಾಗಿದ ದುಂಡು ಕೊಕ್ಕೆ, ಒಳ್ಳೆಯದು. ಅದು ಗಂಟಲಿಗೆ ಇಳಿಯುವ ಬದಲು ಹೆಚ್ಚಾಗಿ ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಆದರೆ ಮೀನು ಕಚ್ಚಿದಾಗ ರಾಡನ್ನು ಜಗ್ಗಬಾರದು. ದಾರ ಬಿಗಿಯಾಗಲು ಬಿಡಬೇಕು, ನಿಧಾನ ಸುತ್ತಬೇಕು. ಜಗ್ಗುವ ಅಭ್ಯಾಸ ಕೈಗೆ ಹತ್ತಿದವರಿಗೆ ಇದು ಮೊದಮೊದಲು ಕಷ್ಟವೇ.

ಗಂಟಿನ ಬಗ್ಗೆ ಮಾತ್ರ ನಾನು ರಾಜಿ ಆಗುವುದಿಲ್ಲ. ಯಾವ ದಾರವಾದರೂ ಅದರ ಅತ್ಯಂತ ದುರ್ಬಲ ಜಾಗ ಗಂಟು. ಹತ್ತು ಗಂಟು ಕಲಿಯುವುದು ಬೇಡ. ಪಾಲೋಮಾರ್ ಒಂದು, ಯೂನಿ ಒಂದು, ಇವೆರಡನ್ನೂ ಕತ್ತಲಲ್ಲೂ ಕಟ್ಟುವಷ್ಟು ಕಲಿತರೆ ಸಾಕು. ಎರಡು ದಾರ ಜೋಡಿಸಲು ಡಬಲ್ ಯೂನಿ ನಡೆಯುತ್ತದೆ. ಬಿಗಿಯುವ ಮೊದಲು ಗಂಟನ್ನು ಎಂಜಲಿನಿಂದಲೋ ನೀರಿನಿಂದಲೋ ಒದ್ದೆ ಮಾಡಿ. ಒಣ ದಾರ ಒಂದರ ಮೇಲೊಂದು ಉಜ್ಜಿದಾಗ ಬಿಸಿಯಾಗುತ್ತದೆ. ಆ ಬಿಸಿಗೆ ನೈಲಾನ್ ದಾರ ಅಲ್ಲೇ ದುರ್ಬಲವಾಗುತ್ತದೆ, ಫ್ಲೋರೋಕಾರ್ಬನ್ ಅನ್ನುವ ಗಡುಸು ದಾರ ಇನ್ನೂ ಬೇಗ ಕೆಡುತ್ತದೆ. ಒದ್ದೆ ಮಾಡಿ, ನಿಧಾನವಾಗಿ ಒಂದೇ ಸಮನೆ ಎಳೆಯಿರಿ. ಸುತ್ತುಗಳು ಒಂದರ ಪಕ್ಕ ಒಂದು ಕೂತಿವೆಯಾ ನೋಡಿ. ಒಂದರ ಮೇಲೊಂದು ಹತ್ತಿದ್ದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಆಮೇಲೆ ಕೈಯಲ್ಲಿ ಒಮ್ಮೆ ಬಲವಾಗಿ ಎಳೆದು ನೋಡಿ. ಬಿಚ್ಚುವುದಿದ್ದರೆ ಈಗಲೇ ಬಿಚ್ಚಲಿ.

ಗಾಳಿಗೋ ಬೀಸುವ ರಭಸಕ್ಕೋ ದಾರದಲ್ಲಿ ತಾನಾಗೇ ಒಂದು ಸಾದಾ ಗಂಟು ಬೀಳುತ್ತದೆ, ಗಮನಿಸಿರುತ್ತೀರಿ. ಸಾಸಿವೆಗಿಂತ ಚಿಕ್ಕದು. ಅದು ದಾರದ ಬಲದಲ್ಲಿ ಹತ್ತಿರ ಹತ್ತಿರ ಅರ್ಧ ತಿಂದು ಹಾಕುತ್ತದೆ. ಅದಕ್ಕೇ ಆಗಾಗ ಕೊಕ್ಕೆಯಿಂದ ಮೇಲಕ್ಕೆ ಒಂದು ಮೀಟರಿನಷ್ಟು ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡುತ್ತೇನೆ. ತರಿ ಸಿಕ್ಕರೂ, ಗಂಟು ಸಿಕ್ಕರೂ ಅಷ್ಟನ್ನು ಕತ್ತರಿಸಿ ಹೊಸದಾಗಿ ಕಟ್ಟುತ್ತೇನೆ. ಮೀನು ಚೆನ್ನಾಗಿ ಕಚ್ಚುತ್ತಿರುವ ಹೊತ್ತಲ್ಲಿ ಇದಕ್ಕೆ ಮನಸ್ಸು ಬರುವುದಿಲ್ಲ ನಿಜ. ಆದರೆ ದೊಡ್ಡ ಮೀನು ಬರುವುದೂ ಅದೇ ಹೊತ್ತಲ್ಲಿ ಅಲ್ವಾ?

ಇನ್ನು ದಾರ. ಒಂದು ಕಾಲಕ್ಕೆ ರೇಷ್ಮೆ ದಾರ, ಕುದುರೆ ಕೂದಲಿನ ದಾರ ಬಳಸುತ್ತಿದ್ದರು. ರೇಷ್ಮೆಯನ್ನು ಪ್ರತಿ ಸಲ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. 1938ರಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿ ನೈಲಾನ್ ಬಗ್ಗೆ ಜಗತ್ತಿಗೆ ತಿಳಿಸಿದ ಮೇಲೆ ಆ ಕಷ್ಟ ನಿಧಾನವಾಗಿ ತಪ್ಪಿತು. ಈಗ ನಮ್ಮ ಮುಂದೆ ಮೂರು ಆಯ್ಕೆ ಇವೆ: ನೈಲಾನ್ ಮೋನೋ (ಒಂದೇ ಎಳೆಯ ದಾರ), ಫ್ಲೋರೋಕಾರ್ಬನ್, ಬ್ರೇಡ್.

ಹೊಸಬರಿಗೆ ನಾನು ಕಣ್ಣು ಮುಚ್ಚಿ ಮೋನೋ ಹೇಳುತ್ತೇನೆ. ಅದು ಹಿಗ್ಗುತ್ತದೆ. ಅದನ್ನೇ ದೋಷ ಅಂತ ಹೇಳುವವರು ಜಾಸ್ತಿ. ನನ್ನ ಪ್ರಕಾರ ಅದೇ ಅದರ ದೊಡ್ಡ ಗುಣ. ದಡದ ಹತ್ತಿರ ಬಂದ ಮೀನು ಕೊನೆಯದಾಗಿ ಒಮ್ಮೆ ಒದರಿದಾಗ, ಡ್ರ್ಯಾಗ್ (ರೀಲಿನ ಬ್ರೇಕು) ಬಿಗಿ ಜಾಸ್ತಿ ಇದ್ದರೂ, ಕೈ ಅವಸರ ಮಾಡಿದರೂ, ಆ ಹಿಗ್ಗುವಿಕೆ ಕಾಪಾಡುತ್ತದೆ. ಗಂಟು ಸುಲಭ, ಬೆಲೆ ಕಡಿಮೆ. ತೊಂದರೆಗಳೂ ಇವೆ. ನೀರು ಹೀರುತ್ತದೆ, ನೆನೆದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ, ಬಿಸಿಲಿಗೆ ಹಾಳಾಗುತ್ತದೆ. ಸ್ಪೂಲಿನ (ರೀಲಿನಲ್ಲಿ ದಾರ ಸುತ್ತಿರುವ ಉರುಳೆಯ) ಮೇಲೆ ಬಹಳ ದಿನ ಕೂತರೆ ಸುರುಳಿಯಾಗಿಯೇ ಹೊರಬರುತ್ತದೆ. ಆಗಾಗ ಬದಲಾಯಿಸುವ ದಾರ ಅಂತಲೇ ತಿಳಿದುಕೊಳ್ಳಿ.

ಫ್ಲೋರೋಕಾರ್ಬನ್ ದಾರವನ್ನು 1971ರಲ್ಲಿ ಜಪಾನಿನ ಕುರೆಹಾ ಕಂಪನಿ ತಂದಿತು. "ನೀರಿನಲ್ಲಿ ಕಾಣುವುದೇ ಇಲ್ಲ" ಅಂತ ಡಬ್ಬಿಯ ಮೇಲೆ ಬರೆದಿರುತ್ತಾರೆ. ಅದು ಅಷ್ಟು ನಿಜವಲ್ಲ. ಬೆಳಕನ್ನು ಬಾಗಿಸುವ ಲೆಕ್ಕದಲ್ಲಿ ನೀರು 1.33, ಫ್ಲೋರೋಕಾರ್ಬನ್ ಸುಮಾರು 1.42, ನೈಲಾನ್ ಸುಮಾರು 1.53. ನೈಲಾನಿಗಿಂತ ನೀರಿಗೆ ಹತ್ತಿರ, ಅಷ್ಟೇ. ಒಂದು ಲೋಟ ನೀರಿಗೆ ತುಂಡು ಹಾಕಿ ನೋಡಿದರೆ ನಮಗೇ ಕಾಣುತ್ತದೆ. ನನಗೆ ಇಷ್ಟವಾಗುವುದು ಬೇರೆ ಗುಣ. ಇದು ನೀರು ಹೀರುವುದಿಲ್ಲ, ನೈಲಾನಿಗಿಂತ ಭಾರ, ಹಾಗಾಗಿ ಬೇಗ ಮುಳುಗುತ್ತದೆ. ಕಲ್ಲಿರುವ ಜಾಗದಲ್ಲಿ ಬ್ರೇಡಿಗಿಂತ ಎಷ್ಟೋ ಚೆನ್ನಾಗಿ ತಾಳುತ್ತದೆ. ಆದರೆ ಗಡುಸು. ಇಡೀ ಸ್ಪೂಲಿಗೆ ಇದನ್ನೇ ತುಂಬಿದರೆ ಸಣ್ಣ ರೀಲಿನಿಂದ ಸುರುಳಿ ಸುರುಳಿಯಾಗಿ ಹಾರಿಬರುತ್ತದೆ. ಬ್ರೇಡಿನ ತುದಿಗೆ ಒಂದೆರಡು ಮೀಟರ್ ಲೀಡರ್ ಆಗಿ, ಅಂದರೆ ಬ್ರೇಡಿಗೂ ಕೊಕ್ಕೆಗೂ ನಡುವಿನ ತುಂಡಾಗಿ ಕಟ್ಟಿ, ಅಷ್ಟು ಸಾಕು.

ಬ್ರೇಡ್ ಅಂದರೆ ಪಾಲಿಥಿಲೀನ್ ಎಳೆಗಳನ್ನು ಹೆಣೆದ ದಾರ. ಡೈನೀಮಾ, ಸ್ಪೆಕ್ಟ್ರಾ ಅಂತ ಆ ಎಳೆಯ ಹೆಸರುಗಳು. ಅಷ್ಟೇ ಬಲದ ಮೋನೋಗಿಂತ ಎಷ್ಟೋ ತೆಳು, ಹಿಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದೂರದಲ್ಲಿ ಮೀನು ಎರೆಯನ್ನು ಮೂಸಿದರೂ ಬೆರಳಿಗೆ ಗೊತ್ತಾಗುತ್ತದೆ. ಆ ಅನುಭವ ಒಮ್ಮೆ ಆದವರು ಮೋನೋಗೆ ವಾಪಸ್ ಬರಲು ಒಪ್ಪುವುದಿಲ್ಲ. ಆದರೆ ಇದು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುವ ವಸ್ತು, ನೈಲಾನ್ ಕರಗಲು 200ಕ್ಕಿಂತ ಜಾಸ್ತಿ ಬೇಕು. ಬಿಗಿಯಾಗಿದ್ದಾಗ ಚೂಪು ಕಲ್ಲಿಗೆ ತಗುಲಿದರೆ ಎಳೆಗಳು ಒಂದೊಂದಾಗಿ ಹೋಗುತ್ತವೆ. ನುಣುಪಾದ್ದರಿಂದ ಗಂಟು ಜಾರುತ್ತದೆ. ಸ್ಪೂಲಿನ ಮೇಲೂ ಜಾರುತ್ತದೆ, ಡ್ರ್ಯಾಗ್ ಕೆಟ್ಟಿದೆ ಅಂತ ಜನ ತಪ್ಪು ತಿಳಿಯುತ್ತಾರೆ. ಅದಕ್ಕೆ ಮೊದಲು ಕೆಲವು ಸುತ್ತು ಮೋನೋ ಸುತ್ತಿ ಅದರ ಮೇಲೆ ಬ್ರೇಡ್ ಸುತ್ತಬೇಕು. ಇನ್ನೊಂದು, ಬ್ರೇಡ್ ಎಲ್ಲಾದರೂ ಸಿಕ್ಕಿಕೊಂಡರೆ ಬರಿಗೈಯಲ್ಲಿ ಎಳೆಯಲೇಬೇಡಿ. ಚರ್ಮ ಸೀಳುತ್ತದೆ. ಒಂದು ಕೋಲಿಗೆ ಸುತ್ತಿ ಎಳೆಯಿರಿ.

ದಾರ ಎಷ್ಟು ಭಾರ ತಡೆಯುತ್ತದೆ ಅಂತ ಡಬ್ಬಿಯ ಮೇಲೆ ಬರೆದ ಪೌಂಡ್ ಲೆಕ್ಕವನ್ನು ಪೂರ್ತಿ ನಂಬಬೇಡಿ. 10 ಪೌಂಡ್ ಅಂತ ಬರೆದ ಎರಡು ಕಂಪನಿಗಳ ದಾರದಲ್ಲಿ ಒಂದು ಇನ್ನೊಂದಕ್ಕಿಂತ ದಪ್ಪ ಇರುತ್ತದೆ. ದಪ್ಪಗಿದ್ದದ್ದು ಬಲವಾಗಿಯೂ ಇರುತ್ತದೆ, ಜನ ಅದನ್ನು ಹೊಗಳುತ್ತಾರೆ. ಹೋಲಿಸುವಾಗ ಮಿಲಿಮೀಟರ್ ನೋಡಿ. 1939ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಐಜಿಎಫ್ಎ ಮೀನಿನ ದಾಖಲೆಗಳನ್ನು ಒಪ್ಪುವ ಮೊದಲು ಬಳಸಿದ ದಾರವನ್ನೇ ತರಿಸಿಕೊಂಡು, ನೆನೆಸಿ, ಎಳೆದು ನೋಡುತ್ತದೆ. ಅವರು ಡಬ್ಬಿಯ ಮಾತನ್ನು ನಂಬುವುದಿಲ್ಲ, ನಾವ್ಯಾಕೆ ನಂಬಬೇಕು?

ಈಗ ರೀಲಿಗೆ ಬರೋಣ. ಬೇರಿಂಗ್ ಎಷ್ಟಿದೆ ಅಂತ ಕೇಳುವುದು ಬಿಡಿ. ಹತ್ತು ಕಳಪೆ ಬೇರಿಂಗಿಗಿಂತ ನಾಲ್ಕು ಒಳ್ಳೆಯವು ಮೇಲು. ಅಂಗಡಿಯಲ್ಲಿ ನಾನು ನೋಡುವುದು ಡ್ರ್ಯಾಗ್ ಒಂದನ್ನೇ. ಮೀನು ಜೋರಾಗಿ ಎಳೆದಾಗ ದಾರ ಬಿಟ್ಟುಕೊಡುವ ಬ್ರೇಕು ಅದು. ಡ್ರ್ಯಾಗನ್ನು ಅರ್ಧ ಬಿಗಿ ಮಾಡಿ ದಾರವನ್ನು ನಿಧಾನ ಎಳೆಯಿರಿ. ಮೊದಲ ಚಲನೆ ನೋಡಬೇಕು. ತಡವರಿಸಿ, ಆಮೇಲೆ ತಟ್ಟನೆ ಬಿಟ್ಟುಕೊಟ್ಟರೆ ಆ ರೀಲ್ ಬೇಡ. ಆ ತಡವರಿಕೆಯಲ್ಲೇ ದಾರ ತುಂಡಾಗುವುದು. ಗರಿಷ್ಠ ಡ್ರ್ಯಾಗ್ ಇಷ್ಟು ಕಿಲೋ ಅನ್ನುವ ಅಂಕಿ ನಮ್ಮಲ್ಲಿ ಬಹುತೇಕರಿಗೆ ಬೇಕಾಗುವುದೇ ಇಲ್ಲ.

ಎಷ್ಟು ಬಿಗಿ ಇರಬೇಕು? ದಾರದ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ. 6 ಕಿಲೋ ತಡೆಯುವ ದಾರವಿದ್ದರೆ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದಾಗ 1.5ರಿಂದ 2 ಕಿಲೋದಲ್ಲಿ ಸ್ಪೂಲ್ ತಿರುಗಬೇಕು. ಇಷ್ಟು ಸಡಿಲವಾ ಅಂತ ಅನ್ನಿಸುತ್ತದೆ. ಕಾರಣ ಇದೆ. ಮೀನು ದಾರ ಎಳೆದುಕೊಂಡು ಹೋದ ಹಾಗೆ ಸ್ಪೂಲಿನ ಮೇಲಿನ ದಾರದ ಸುತ್ತಳತೆ ಕಡಿಮೆಯಾಗುತ್ತದೆ. ಅದು ಅರ್ಧಕ್ಕೆ ಇಳಿದರೆ ಅದೇ ಡ್ರ್ಯಾಗಿಗೆ ಎರಡರಷ್ಟು ಬಲ ಬೇಕು, 2 ಕಿಲೋ ಇದ್ದದ್ದು 4 ಆಯಿತು. ನೀರಿನಲ್ಲಿ ಉದ್ದಕ್ಕೆ ಬಿದ್ದ ದಾರದ ಎಳೆತ ಬೇರೆ. ದೂರ ಓಡಿದ ಮೀನಿಗೆ ಡ್ರ್ಯಾಗ್ ಇನ್ನೂ ಬಿಗಿ ಮಾಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಆಗ ಸಡಿಲ ಮಾಡಬೇಕು.

ಸ್ಪೂಲ್ ತಿರುಗದೆ ದಾರ ಅದರ ಅಂಚಿನ ಮೇಲಿಂದ ಜಾರಿಹೋಗುವ ಸ್ಪಿನ್ನಿಂಗ್ ರೀಲೇ ಶುರುವಿಗೆ ಸರಿ. 1905ರಲ್ಲಿ ಇಂಗ್ಲೆಂಡಿನ ಬಟ್ಟೆ ಗಿರಣಿಯ ಉದ್ಯಮಿ ಆಲ್ಫ್ರೆಡ್ ಇಲಿಂಗ್‌ವರ್ತ್ ಇಂಥ ರೀಲಿಗೆ ಪೇಟೆಂಟ್ ತಗೊಂಡರು. ಗಿರಣಿಯ ಕಂಡಿಕೆಯಿಂದ ದಾರ ಬರುವ ರೀತಿಯೇ ಇದು. ಇದರ ಒಂದೇ ಕಾಟ ಅಂದರೆ ದಾರ ತಿರುಚಿಕೊಳ್ಳುವುದು. ಅದರಲ್ಲಿ ಬಹುಪಾಲು ನಾವೇ ಮಾಡಿಕೊಳ್ಳುವುದು. ಮೀನು ಡ್ರ್ಯಾಗ್ ಎಳೆಯುತ್ತಿರುವಾಗ ಹಿಡಿಯನ್ನು ತಿರುಗಿಸಬೇಡಿ. ರೀಲಿನ ಅನುಪಾತ 5:1 ಇದ್ದರೆ, ಅಂದರೆ ಹಿಡಿ ಒಮ್ಮೆ ತಿರುಗಿದಾಗ ದಾರ ಸುತ್ತುವ ಭಾಗ ಐದು ಸಲ ತಿರುಗುವುದಾದರೆ, ಹಿಡಿಯ ಒಂದು ಸುತ್ತಿಗೆ ಒಂದು ಇಂಚು ದಾರವೂ ಒಳಬರುವುದಿಲ್ಲ, ಐದು ತಿರುಚು ಮಾತ್ರ ಸೇರುತ್ತದೆ. ಬೀಸಿದ ಮೇಲೆ ಬೇಲನ್ನು (ದಾರವನ್ನು ಸ್ಪೂಲಿಗೆ ಸುತ್ತುವ ತಂತಿಯ ಕಮಾನನ್ನು) ಕೈಯಿಂದ ಮುಚ್ಚಿ, ದಾರವನ್ನು ಒಮ್ಮೆ ಬಿಗಿ ಮಾಡಿ, ಆಮೇಲೆ ಸುತ್ತಿ. ಸ್ಪೂಲನ್ನು ಅಂಚಿಗಿಂತ 2-3 ಮಿಲಿಮೀಟರ್ ಕೆಳಗೆ ನಿಲ್ಲುವಂತೆ ತುಂಬಿ. ಕಡಿಮೆಯಾದರೆ ದೂರ ಹೋಗುವುದಿಲ್ಲ, ಜಾಸ್ತಿಯಾದರೆ ಗೋಜಲು. ಬೇಟ್‌ಕಾಸ್ಟರ್ ಅನ್ನುವ ಇನ್ನೊಂದು ಬಗೆಯ ರೀಲೂ ಒಳ್ಳೆಯ ಸಾಧನವೇ, ಆದರೆ ಅದರಲ್ಲಿ ಸ್ಪೂಲೇ ತಿರುಗುವುದರಿಂದ ಹೆಬ್ಬೆರಳಿನ ಹಿಡಿತ ಕಲಿಯಬೇಕು. ಎರಡನೇ ರೀಲಾಗಿ ತಗೊಳ್ಳಿ.

ತೂಕದ ಗುಂಡಿನ ಬಗ್ಗೆಯೂ ಒಂದು ಮಾತು. ಸಾಧ್ಯವಾದರೆ ಸೀಸ ಬಿಡಿ. ಹಂಸಗಳು ಕಲ್ಲು ಅಂತ ತಿಳಿದು ನುಂಗಿ ವಿಷವೇರಿ ಸಾಯುತ್ತಿದ್ದವು ಅಂತಲೇ ಬ್ರಿಟನ್ 1987ರಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟ ನಿಲ್ಲಿಸಿತು. ಟಂಗ್‌ಸ್ಟನ್ ದುಬಾರಿ, ಆದರೆ ಸೀಸಕ್ಕಿಂತ ಸಾಂದ್ರ, ಅಷ್ಟೇ ತೂಕಕ್ಕೆ ಗುಂಡು ಚಿಕ್ಕದಾಗುತ್ತದೆ. ಕತ್ತರಿಸಿದ ದಾರದ ಚೂರನ್ನೂ ದಡದಲ್ಲಿ ಬಿಡಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡ ನೈಲಾನ್ ಬಿಡಿಸಿದವರಿಗೆ ಅದು ಎಷ್ಟು ಆಳಕ್ಕೆ ಇಳಿದಿರುತ್ತದೆ ಅಂತ ಗೊತ್ತು.

ಇಷ್ಟೆಲ್ಲ ಕೇಳಿದ ಮೇಲೂ "ಸರಿ, ಆದರೆ ಯಾವ ರೀಲ್?" ಅನ್ನುವವರಿಗೆ: 2500 ಅಥವಾ 3000 ಅಳತೆಯ (ರೀಲಿನ ಮೇಲೆ ಬರೆದಿರುವ ಗಾತ್ರದ ಅಂಕಿ) ಸ್ಪಿನ್ನಿಂಗ್ ರೀಲ್, 5:1ರ ಆಸುಪಾಸಿನ ಅನುಪಾತ, ತಡವರಿಸದ ಡ್ರ್ಯಾಗ್. ಅದಕ್ಕೆ 0.25ರಿಂದ 0.28 ಮಿಲಿಮೀಟರಿನ ಹೊಸ ಮೋನೋ. ಉಪ್ಪುನೀರಿನಲ್ಲಿ ಬಳಸಿದರೆ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಹಗುರವಾಗಿ ಚಿಮುಕಿಸಿ ತೊಳೆಯಿರಿ. ಜೋರಾಗಿ ನೀರು ಹೊಡೆದರೆ ಉಪ್ಪು ಒಳಗೆ ಹೋಗಿ ಕೂರುತ್ತದೆ. ಒರೆಸಿ ಎತ್ತಿಡುವ ಮೊದಲು ಡ್ರ್ಯಾಗನ್ನು ಪೂರ್ತಿ ಸಡಿಲ ಮಾಡಿ, ಒಳಗಿನ ವಾಷರುಗಳು ಒತ್ತಿಕೊಂಡು ಚಪ್ಪಟೆಯಾಗುವುದಿಲ್ಲ.