ಒಳಗೆ ಏನಿದೆ ಅಂತ ಕೇಳುವವರಿಗೆ

ಮೇಜಿನ ಮೇಲಿರುವ ಆ ಪೆಟ್ಟಿಗೆ ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ. "ಒಳಗೆ ಯಾವ ಕಂಪ್ಯೂಟರ್ ಹಾಕಿದ್ದೀರಿ? ಎಷ್ಟು ಗೇಮ್ ಇದೆ?"

ಪೆಟ್ಟಿಗೆ ಅಂದರೆ ಗೇಮ್ ಪಾರ್ಲರ್‌ಗಳಲ್ಲಿ ಇರುತ್ತಿದ್ದ ಆಳೆತ್ತರದ ಆರ್ಕೇಡ್ ಮಷೀನಿನ ಮೇಲರ್ಧ. ಸೊಂಟದಿಂದ ಕೆಳಗಿನದನ್ನು ಕತ್ತರಿಸಿ ಉಳಿದಿದ್ದನ್ನು ಮೇಜಿನ ಮೇಲೆ ಕೂರಿಸಿದ ಹಾಗೆ. ಎರಡು ಜಾಯ್‌ಸ್ಟಿಕ್, ಒಬ್ಬೊಬ್ಬರಿಗೆ ಆರಾರು ಬಟನ್, ನಡುವೆ ಒಂದು ಹಳೇ ಮಾನಿಟರ್. ಅಟಾರಿ, ನಿಂಟೆಂಡೊ, ಸೆಗಾ, ಮೊದಲ ಪ್ಲೇಸ್ಟೇಷನ್, ಜೊತೆಗೆ ಪಾರ್ಲರ್ ಗೇಮ್‌ಗಳು, ಎಲ್ಲ ಅದೊಂದರಲ್ಲೇ ಓಡುತ್ತವೆ.

ಕೇಳಿದ್ದಕ್ಕೆ ಉತ್ತರ ಹೇಳಿಬಿಡುತ್ತೇನೆ. ಒಳಗಿರುವುದು ರಾಸ್ಪ್‌ಬೆರಿ ಪೈ 4. ಬ್ಯಾಂಕ್ ಕಾರ್ಡಿನಷ್ಟು ಅಗಲದ ಒಂದು ಬೋರ್ಡ್. ಅದನ್ನು ಸಿದ್ಧ ಮಾಡಲು ಒಂದು ಸಂಜೆ ಸಾಕಾಯಿತು. ರೆಟ್ರೋಪೈ, ಬಟೋಸೆರಾ, ರಿಕಾಲ್‌ಬಾಕ್ಸ್ ಅಂತ ಉಚಿತ ವ್ಯವಸ್ಥೆಗಳಿವೆ. ಯಾವುದಾದರೂ ಒಂದನ್ನು ಮೆಮೊರಿ ಕಾರ್ಡಿಗೆ ಬರೆದು ಹಾಕಿದರೆ ಹಳೇ ಗೇಮ್ ಮಷೀನುಗಳನ್ನೆಲ್ಲ ಅದೇ ಅನುಕರಿಸುತ್ತದೆ. ಒಂದೊಂದು ಮಷೀನಿಗೆ ಒಂದೊಂದು ಫೋಲ್ಡರ್, ಅಷ್ಟೇ. ನನ್ನ ಉಳಿದ ನಾಲ್ಕು ವಾರಾಂತ್ಯ ಹೋಗಿದ್ದು ಹಲಗೆಯ ಮೇಲಿನ ತೂತುಗಳಿಗೆ. ನೀವೂ ಒಂದು ಮಾಡಬೇಕು ಅಂತಿದ್ದರೆ ಕಂಪ್ಯೂಟರ್‌ನಿಂದ ಶುರು ಮಾಡಬೇಡಿ. ಒಂದು ರಟ್ಟು ತಗೊಳ್ಳಿ.

ರಟ್ಟನ್ನು ಮೇಜಿನ ಮೇಲಿಟ್ಟು, ಕಣ್ಣು ಮುಚ್ಚಿ, ಬಲಗೈಯನ್ನು ಸಡಿಲವಾಗಿ ಅದರ ಮೇಲೆ ಬಿಡಿ. ಬೆರಳುಗಳು ಬಿದ್ದ ಜಾಗದಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ. ಗುರುತುಗಳು ನೇರ ಸಾಲಿನಲ್ಲಿ ಬರುವುದಿಲ್ಲ. ತೋರುಬೆರಳಿನದು ಕೆಳಗೆ, ನಡುಬೆರಳಿನದು ಮೇಲೆ, ಉಂಗುರಬೆರಳಿನದು ಮತ್ತೆ ಚೂರು ಕೆಳಗೆ ಬರುತ್ತದೆ. ನಾನು ಮೊದಲ ಸಲ ಇದ್ಯಾವುದೂ ಗೊತ್ತಿಲ್ಲದೆ ಸ್ಕೇಲ್ ಇಟ್ಟು, ಅಳೆದು ಸುರಿದು, ಆರೂ ಬಟನ್‌ಗಳನ್ನು ಕವಾಯತಿಗೆ ನಿಲ್ಲಿಸಿದ ಹಾಗೆ ಸಾಲಾಗಿ ಹಾಕಿದ್ದೆ. ನೋಡಲು ಚೆಂದ ಇತ್ತು. ಕಾಲು ಗಂಟೆ ಆಡುವಷ್ಟರಲ್ಲಿ ಮಣಿಕಟ್ಟು ನೋಯುತ್ತಿತ್ತು.

ಇನ್ನೊಂದು ತಪ್ಪು ಅಂದರೆ ಬಟನ್‌ಗಳನ್ನು ಹಲಗೆಯ ಅಂಚಿಗೇ ತಂದಿದ್ದು. ಅಂಗೈ ಊರಲು ಜಾಗವೇ ಇರಲಿಲ್ಲ, ಕೈ ಗಾಳಿಯಲ್ಲಿ ತೇಲುತ್ತಿತ್ತು. ಕೆಳ ಸಾಲಿನ ಬಟನ್ ಮತ್ತು ಅಂಚಿನ ನಡುವೆ ನಿಮ್ಮ ಅಂಗೈ ಇಡೀ ಕೂರುವಷ್ಟು ಜಾಗ ಬಿಡಿ. ರಟ್ಟಿನಲ್ಲಿ ಬ್ಲೇಡಿನಿಂದ ತೂತು ಕೊರೆದು, ನಿಜವಾದ ಬಟನ್‌ಗಳನ್ನು ಸಿಕ್ಕಿಸಿ, ಅದನ್ನು ಒಂದು ಶೂ ಡಬ್ಬದ ಮೇಲಿಟ್ಟು ಸುಮ್ನೆ ಆಡಿದ ಹಾಗೆ ಒತ್ತುತ್ತಾ ಕೂತುಕೊಳ್ಳಿ. ನೋಡಿದವರು ನಗುತ್ತಾರೆ, ನಗಲಿ. ಇಬ್ಬರು ಆಡುವ ಪೆಟ್ಟಿಗೆಯಾದರೆ ಪಕ್ಕದಲ್ಲಿ ಇನ್ನೊಬ್ಬರನ್ನೂ ಕೂರಿಸಿ ನೋಡಿ. ಭುಜಕ್ಕೆ ಭುಜ ತಾಗದಿರಲು ನನಗೆ ಹಲಗೆ 60 ಸೆಂಟಿಮೀಟರ್ ಅಗಲ ಬೇಕಾಯಿತು.

ಒಂದೇ ಪೆಟ್ಟಿಗೆಯಲ್ಲಿ ಎಷ್ಟು ಮಷೀನುಗಳ ಗೇಮ್ ಆಡಬಹುದು ಅನ್ನುವುದೂ ಬಹುಪಾಲು ಇಲ್ಲೇ ನಿರ್ಧಾರವಾಗುತ್ತದೆ. ಲೆಕ್ಕ ನೋಡಿ. 1977ರ ಅಟಾರಿ 2600ಕ್ಕೆ ಒಂದೇ ಬಟನ್. 1983ರ ನಿಂಟೆಂಡೊ ಫ್ಯಾಮಿಕಾಮ್‌ಗೆ ಎರಡು. ಸೆಗಾ ಮೆಗಾ ಡ್ರೈವ್ ಶುರುವಾಗಿದ್ದು ಮೂರರಿಂದ. ಸೂಪರ್ ನಿಂಟೆಂಡೊ ಕಂಟ್ರೋಲರಿಗೆ ಮುಂದೆ ನಾಲ್ಕು, ಮೇಲಂಚಿನಲ್ಲಿ ಎರಡು. ಪಾರ್ಲರ್‌ನಲ್ಲಿ 1991ರ ಸ್ಟ್ರೀಟ್ ಫೈಟರ್ 2 ಆರು ಬಟನ್ ಕೇಳಿತು, ಮೂರು ಗುದ್ದಿಗೆ, ಮೂರು ಒದೆತಕ್ಕೆ. ಅಂದರೆ ಮೂರರ ಎರಡು ಸಾಲು ಹಾಕಿ, ಸ್ಟಾರ್ಟ್ ಮತ್ತು ಕಾಯಿನ್‌ಗೆ ಬೇರೆ ಬಟನ್ ಕೊಟ್ಟರೆ ಇವೆಲ್ಲ ಮುಗಿಯಿತು. ಪ್ಲೇಸ್ಟೇಷನ್ ಎಂಟು ಕೇಳುತ್ತದೆ, ಆದರೆ ಅದರ ಎಷ್ಟೋ ಫೈಟಿಂಗ್ ಗೇಮ್‌ಗಳಿಗೆ ಆರೇ ಸಾಕು. ನಿಂಟೆಂಡೊ 64 ಬಂದಾಗ ಕಥೆ ಬೇರೆ. ಅದರ ಕಡ್ಡಿ ಎಷ್ಟು ವಾಲಿದೆ ಅನ್ನುವುದನ್ನೂ ಗೇಮ್ ಲೆಕ್ಕಕ್ಕೆ ತಗೊಳ್ಳುತ್ತದೆ. ಆರ್ಕೇಡ್ ಜಾಯ್‌ಸ್ಟಿಕ್ ಒಳಗಿರುವುದು ನಾಲ್ಕು ಸ್ವಿಚ್, ಒತ್ತಿದೆ ಅಥವಾ ಇಲ್ಲ, ಅಷ್ಟೇ ಅದಕ್ಕೆ ಗೊತ್ತು. ಮೆಲ್ಲಗೆ ನಡೆಯುವುದು ಅಂತ ಒಂದಿಲ್ಲ. ಆ ಫೋಲ್ಡರನ್ನು ನಾನು ಖಾಲಿ ಬಿಟ್ಟಿದ್ದೇನೆ. ಎಲ್ಲ ಮಷೀನನ್ನೂ ತುರುಕಿ ಒಂದನ್ನೂ ಆಡದವರನ್ನು ಬೇಕಾದಷ್ಟು ನೋಡಿದ್ದೇನೆ.

ಬಟನ್ ಸಂಖ್ಯೆ ಸರಿಯಾದ ಮೇಲೂ ಒಂದು ತೊಡಕಿದೆ. ಸೂಪರ್ ಮಾರಿಯೋ ಬ್ರದರ್ಸ್ ಆಡುವಾಗ ನಿಮ್ಮ ಹೆಬ್ಬೆರಳು ಏನು ಮಾಡುತ್ತದೆ ಅಂತ ಗಮನಿಸಿದ್ದೀರಾ? ಅದರ ತುದಿ ಓಡುವ ಬಟನ್ ಒತ್ತಿ ಹಿಡಿದಿರುತ್ತದೆ. ಹಾಗೇ ಬೆರಳನ್ನು ಹೊರಳಿಸಿ, ಗಿಣ್ಣಿನ ಕಡೆಯಿಂದ ಹಾರುವ ಬಟನ್ ಒತ್ತುತ್ತೇವೆ. ಒಂದೇ ಬೆರಳಲ್ಲಿ ಎರಡು ಕೆಲಸ. ಆರ್ಕೇಡ್ ಹಲಗೆಯಲ್ಲಿ ಬಟನ್ ದೊಡ್ಡದು, ನಡುವೆ ಅಂತರವೂ ಜಾಸ್ತಿ, ಹೆಬ್ಬೆರಳಿಗೆ ಅಲ್ಲಿ ಕೆಲಸವೇ ಇಲ್ಲ. ಓಡಲು ತೋರುಬೆರಳು, ಹಾರಲು ನಡುಬೆರಳು ಬರುವ ಹಾಗೆ ಬಟನ್‌ಗಳ ಅರ್ಥ ಬದಲಿಸಿಕೊಳ್ಳಬೇಕು. ಒಂದೊಂದು ಮಷೀನಿಗೂ ಕೂತು ಇದನ್ನು ಮಾಡಬೇಕು. ಮೊದಲೇ ಬಂದಿರುವ ಜೋಡಣೆಯನ್ನು ಹಾಗೇ ಬಿಟ್ಟರೆ ಮಾರಿಯೋ ಹಳ್ಳಕ್ಕೆ ಬೀಳುತ್ತಲೇ ಇರುತ್ತಾನೆ, ನೀವು ಪೆಟ್ಟಿಗೆಯನ್ನು ಬೈಯುತ್ತೀರಿ.

ಪ್ಯಾಕ್‌ಮ್ಯಾನ್ ಇನ್ನೂ ಹಠಮಾರಿ. 1980ರ ಆ ಮಷೀನಿಗೆ ಇದ್ದಿದ್ದು ನಾಲ್ಕೇ ದಿಕ್ಕಿನ ಜಾಯ್‌ಸ್ಟಿಕ್. ನಾವು ಹಾಕುವುದು ಎಂಟು ದಿಕ್ಕಿನದು, ಫೈಟಿಂಗ್ ಗೇಮ್‌ಗೆ ಮೂಲೆಗಳು ಬೇಕಲ್ವಾ. ಮೇಲಿನಿಂದ ಬಲಕ್ಕೆ ತಿರುಗಿಸುವಾಗ ಕಡ್ಡಿ ಒಂದು ಕ್ಷಣ ಮೂಲೆಗೆ ಸಿಕ್ಕಿಕೊಳ್ಳುತ್ತದೆ. ಎರಡು ಸ್ವಿಚ್ ಒಟ್ಟಿಗೆ ಒತ್ತುತ್ತವೆ, ತಿರುವು ತಪ್ಪುತ್ತದೆ, ಹಿಂದೆ ಬಂದ ದೆವ್ವ ಮುಟ್ಟಿಬಿಡುತ್ತದೆ. ಇದಕ್ಕೆ ಮದ್ದು ಹಲಗೆಯ ಕೆಳಗಿದೆ. ಕೆಲವು ಜಾಯ್‌ಸ್ಟಿಕ್‌ಗಳ ತಳದಲ್ಲಿ ಕಡ್ಡಿಯ ಓಡಾಟಕ್ಕೆ ಬೇಲಿ ಹಾಕುವ ಚೌಕದ ಪ್ಲಾಸ್ಟಿಕ್ ಗೇಟ್ ಇರುತ್ತದೆ. ಅದನ್ನು 45 ಡಿಗ್ರಿ ತಿರುಗಿಸಿ ಕೂರಿಸಿದರೆ ಕಡ್ಡಿ ಮೂಲೆಗೆ ಹೋಗುವುದೇ ಇಲ್ಲ, ನಾಲ್ಕೇ ದಿಕ್ಕು. ಈ ಕಾರಣಕ್ಕೇ ಹಲಗೆಗೆ ಹಿಂದಿನ ಅಂಚಿನಲ್ಲಿ ಕೀಲು ಹಾಕಿ, ಮುಚ್ಚಳದ ಹಾಗೆ ಎತ್ತುವಂತೆ ಮಾಡಿ. ನಾನು ಮೊದಲು ಹನ್ನೆರಡು ಸ್ಕ್ರೂ ಹಾಕಿ ಬಿಗಿದಿದ್ದೆ. ಮೂರನೇ ಸಲ ಬಿಚ್ಚುವಾಗ ಬುದ್ಧಿ ಬಂತು.

ಮರಗೆಲಸದ ಬಗ್ಗೆ ಸ್ವಲ್ಪ. ಬಟನ್ ತರಿಸುವ ಮೊದಲು ಹಲಗೆಯ ದಪ್ಪ ನಿರ್ಧರಿಸಿ. ನಾನು ಉಲ್ಟಾ ಮಾಡಿದೆ. ಒತ್ತಿದರೆ ಟಕ್ ಅಂತ ಕೂರುವ ಜಪಾನಿ ಶೈಲಿಯ 30 ಮಿಲಿಮೀಟರ್ ಬಟನ್ ತರಿಸಿದೆ. ಅವು ತೆಳು ತಗಡಿಗೋ ಪ್ಲಾಸ್ಟಿಕ್ಕಿಗೋ ಮಾಡಿದವು. ನನ್ನದು 12 ಮಿಲಿಮೀಟರ್ ಎಂಡಿಎಫ್, ಮರದ ನಾರನ್ನು ಒತ್ತಿ ಮಾಡಿದ ಹಲಗೆ. ಅದರಲ್ಲಿ ಬಟನ್‌ಗಳ ಕೊಂಡಿ ಹಿಡಿಯಲೇ ಇಲ್ಲ, ಜೋರಾಗಿ ಆಡಿದರೆ ಬಟನ್ ಎದ್ದು ಬರುತ್ತಿತ್ತು. ಮರಕ್ಕೆ ಕೆಳಗಿನಿಂದ ನಟ್ ತಿರುಗಿಸಿ ಬಿಗಿಯುವ ಬಟನ್ ಬೇಕು. ಜಾಯ್‌ಸ್ಟಿಕ್ಕಿಗೂ ಇದೇ ಮಾತು. ದಪ್ಪ ಹಲಗೆಯ ಕೆಳಗೆ ಕೂರಿಸಿದರೆ ಕಡ್ಡಿ ಮೇಲೆ ಗಿಡ್ಡವಾಗಿ ಉಳಿಯುತ್ತದೆ. ಆ ಜಾಗದಲ್ಲಿ ಕೆಳಗಿನಿಂದ ಹಲಗೆಯನ್ನು ಕೆತ್ತಿ ತೆಳ್ಳಗೆ ಮಾಡಬೇಕಾಯಿತು. ತೂತು ಕೊರೆಯುವಾಗ ಹಲಗೆಯ ಕೆಳಗೆ ಬೇಡದ ಮರದ ತುಂಡು ಇಟ್ಟು ಕ್ಲ್ಯಾಂಪ್ ಮಾಡಿ, ಇಲ್ಲದಿದ್ದರೆ ಆ ಕಡೆಯ ಅಂಚು ಕಿತ್ತುಬರುತ್ತದೆ. ಎಂಡಿಎಫ್ ಧೂಳು ಹಿಟ್ಟಿಗಿಂತ ನಯ, ಎದೆಗೆ ಒಳ್ಳೆಯದಲ್ಲ. ಮಾಸ್ಕ್ ಹಾಕಿ, ಸಾಧ್ಯವಾದರೆ ಬಯಲಲ್ಲಿ ಕೊರೆಯಿರಿ.

ಮಾನಿಟರ್ ವಿಷಯದಲ್ಲಿ ಎಲ್ಲರೂ ದೊಡ್ಡದು ಬೇಕು ಅಂತಾರೆ. ಹಳೇ ಗೇಮ್‌ಗಳ ಚಿತ್ರ 4:3 ಅಳತೆಯದು, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು. 24 ಇಂಚಿನ ಅಗಲ ಮಾನಿಟರ್ ಹಾಕಿದರೂ ಅದರಲ್ಲಿ ಮೂಡುವ ಚಿತ್ರ ಹತ್ತಿರ ಹತ್ತಿರ 19.6 ಇಂಚು ಮಾತ್ರ, ಎರಡು ಪಕ್ಕ ಕಪ್ಪು ಪಟ್ಟಿ. ಆಫೀಸುಗಳಲ್ಲಿ ಮೂಲೆ ಸೇರಿರುವ 19 ಇಂಚಿನ 5:4 ಮಾನಿಟರ್‌ನಲ್ಲಿ ಅದೇ ಚಿತ್ರ 18.5 ಇಂಚು ಬರುತ್ತದೆ. ಒಂದು ಇಂಚಿನ ವ್ಯತ್ಯಾಸಕ್ಕೆ ಪರದೆಯ ಅಗಲ 53 ಸೆಂಟಿಮೀಟರ್‌ನಿಂದ 38ಕ್ಕೆ ಇಳಿಯಿತು. ಉಳಿದ ಜಾಗದಲ್ಲಿ ಎರಡೂ ಕಡೆ ಸ್ಪೀಕರ್ ಕೂತವು. ಯಾವ ಕಡೆಯಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಐಪಿಎಸ್ ಪರದೆ ಸಿಕ್ಕರೆ ಬಿಡಬೇಡಿ. ಅಗ್ಗದ ಟಿಎನ್ ಪರದೆಯಾದರೆ ಕೂತವರಿಗೆ ಒಂದು ಬಣ್ಣ, ಹಿಂದೆ ನಿಂತವರಿಗೆ ಇನ್ನೊಂದು.

ವೈರಿಂಗ್ ನೋಡಿ ಹೆದರುವವರೇ ಜಾಸ್ತಿ, ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಪ್ರತಿ ಬಟನ್ ಒಂದು ಸ್ವಿಚ್, ಎರಡು ವೈರ್. ಅವೆಲ್ಲ ಎನ್‌ಕೋಡರ್ ಅನ್ನುವ ಪುಟ್ಟ ಬೋರ್ಡಿಗೆ ಹೋಗುತ್ತವೆ, ಅಲ್ಲಿಂದ ಒಂದು ಯುಎಸ್‌ಬಿ ಕೇಬಲ್. ಬೆಸುಗೆಯೂ ಬೇಕಿಲ್ಲ. ನನ್ನನ್ನು ಆಟವಾಡಿಸಿದ್ದು ಬೇರೆ. ಇಬ್ಬರಿಗೂ ಒಂದೇ ಮಾದರಿಯ ಎರಡು ಎನ್‌ಕೋಡರ್ ಹಾಕಿದ್ದೆ. ಪೆಟ್ಟಿಗೆ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕೆಲವು ಸಲ ಎಡಗಡೆಯವರು ಎರಡನೇ ಆಟಗಾರ ಆಗಿಬಿಡುತ್ತಿದ್ದರು. ಎರಡರ ಹೆಸರೂ ಒಂದೇ ಆದ್ದರಿಂದ, ಮೊದಲು ಎದ್ದದ್ದು ಯಾವುದೋ ಅದೇ ಒಂದನೆಯದು ಅಂತ ಕಂಪ್ಯೂಟರ್ ತಿಳಿಯುತ್ತಿತ್ತು. ಒಂದು ವಾರ ತಲೆ ಕೆರೆದುಕೊಂಡು, ಕೊನೆಗೆ ಇಬ್ಬರಿಗೂ ಸೇರಿ ಒಂದೇ ಬೋರ್ಡ್ ಹಾಕಿದೆ.

ಕರೆಂಟಿನಲ್ಲಿ ಜುಗ್ಗತನ ಬೇಡ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಹಳೇ ಫೋನ್ ಚಾರ್ಜರ್ ಸಿಕ್ಕಿಸಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಗೇಮ್ ತಡವರಿಸುತ್ತದೆ. ಸ್ಪೀಕರಿನ ಆಂಪ್ಲಿಫೈಯರ್‌ಗೂ ಅದೇ ಸಪ್ಲೈನಿಂದ ಕರೆಂಟ್ ಕೊಟ್ಟಿದ್ದೆ, ಗುಂಯ್ ಅನ್ನುತ್ತಿತ್ತು. ಬೇರೆ ಸಪ್ಲೈ ಕೊಟ್ಟ ಮೇಲೆ ನಿಂತಿತು. ಮತ್ತೆ, ಗೋಡೆಯ ಸ್ವಿಚ್ಚಿನಿಂದ ನೇರ ಆರಿಸಬೇಡಿ. ಏನಾದರೂ ಬರೆಯುತ್ತಿರುವಾಗ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡಬಹುದು.

ಎಷ್ಟು ಗೇಮ್ ಇದೆ ಅನ್ನುವ ಪ್ರಶ್ನೆಯ ಎರಡನೇ ಅರ್ಧ ಉಳಿಯಿತು. ಸಾವಿರಗಟ್ಟಲೆ ಗೇಮ್ ತುಂಬಿದ ಕಾರ್ಡ್ ಮಾರುವವರಿದ್ದಾರೆ, ನಾನು ಆ ಕಡೆ ಹೋಗಿಲ್ಲ. ಅನುಕರಿಸುವ ಸಾಫ್ಟ್‌ವೇರ್ ಬೇರೆ, ಗೇಮ್ ಬೇರೆ. ಪಾರ್ಲರ್ ಗೇಮ್‌ಗಳನ್ನು ಓಡಿಸುವ ಮೇಮ್ 1997ರಿಂದ ಇದೆ, ಅದು ಉಚಿತ. ಗೇಮ್‌ಗಳ ಹಕ್ಕು ಮಾತ್ರ ಅವುಗಳ ಒಡೆಯರದ್ದೇ. ಗ್ರಿಡ್ಲೀ ಥರ ಒಡೆಯರೇ ಬಿಟ್ಟುಕೊಟ್ಟವು ಕೆಲವಿವೆ, ಹಳೇ ಮಷೀನುಗಳಿಗೆ ಈಗಲೂ ಹೊಸದಾಗಿ ಗೇಮ್ ಬರೆಯುವವರಿದ್ದಾರೆ. ಮೇಮ್‌ನ ಒಂದು ಆವೃತ್ತಿಗೆ ಹೊಂದುವ ಫೈಲ್ ಇನ್ನೊಂದಕ್ಕೆ ಹೊಂದದೇ ಇರಬಹುದು, "ಗೇಮ್ ಓಪನ್ ಆಗ್ತಿಲ್ಲ" ಅಂತ ಕೇಳುವವರಲ್ಲಿ ಬಹಳ ಜನರ ತೊಂದರೆ ಇದೇ. ನನ್ನಲ್ಲಿ ಈಗ ಇರುವುದು ಮೂವತ್ತೊಂದು ಗೇಮ್. ದಿನಾ ಆಡುವುದು ನಾಲ್ಕು.

ಎಷ್ಟು ದಿನ ಹಿಡಿಯಿತು ಅಂತಲೂ ಕೇಳುತ್ತಾರೆ. ಹೇಳಿದೆನಲ್ಲ, ಒಂದು ಸಂಜೆ ಮತ್ತು ನಾಲ್ಕು ವಾರಾಂತ್ಯ. ಬಣ್ಣ ಹೊಡೆದು ಅಂಚು ಮುಚ್ಚಿದ ಮೇಲೆ ಪೂರ್ತಿ ಆಯಿತು ಅನ್ನಬಹುದು. ಆಡಲು ಶುರು ಮಾಡಿ ಎರಡು ವರ್ಷ ಆಯಿತು, ಪೇಂಟ್ ಡಬ್ಬ ಇನ್ನೂ ಪೆಟ್ಟಿಗೆಯ ಹಿಂದೆಯೇ ಇದೆ, ಮುಚ್ಚಳ ತೆಗೆದಿಲ್ಲ.