ತಬ್ಘಾದ ದಂಡೆಯಲ್ಲಿ ಮಾವ

ಇಸ್ರೇಲಿನ ಗಲಿಲಾಯ ಸಮುದ್ರ ಹೆಸರಿಗಷ್ಟೇ ಸಮುದ್ರ. ಉದ್ದ ಸುಮಾರು 21 ಕಿಲೋಮೀಟರ್, ಅಗಲ ಹೆಚ್ಚೆಂದರೆ 13. ಸಿಹಿನೀರಿನ ಸರೋವರ, ಅದೂ ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗೆ. ತಿಬೇರಿಯದಿಂದ ಉತ್ತರಕ್ಕೆ ಹೊರಟ ಬಸ್ಸಿನ ಬಲಗಡೆ ಕಿಟಕಿಗಳ ತುಂಬ ಅದೇ ನೀಲಿ.

ಮೊದಲು ಗಿನೋಸಾರ್‌ನಲ್ಲಿ ಇಳಿದೆವು. 1986ರಲ್ಲಿ ಬರ ಬಂದು ನೀರು ತಗ್ಗಿದಾಗ ಕೆಸರಿನಲ್ಲಿ ಸಿಕ್ಕ, ಸುಮಾರು ಎರಡು ಸಾವಿರ ವರ್ಷ ಹಳೆಯ ಮೀನುದೋಣಿ ಅಲ್ಲಿದೆ. ಹಲವು ಜಾತಿಯ ಮರದ ತುಂಡುಗಳಿಂದ ತೇಪೆ ಹಾಕಿಸಿಕೊಂಡ ದೋಣಿ. ಮಾವ ಇದ್ದಿದ್ದರೆ ಅಲ್ಲಿಂದ ಎಬ್ಬಿಸಿ ತರುವುದೇ ಕಷ್ಟವಾಗುತ್ತಿತ್ತು. ರಿಪೇರಿ ಮಾಡಿ ಬಳಸಿದ ವಸ್ತು ಕಂಡರೆ ಅವರಿಗೆ ಹೊಸದಕ್ಕಿಂತ ಹೆಚ್ಚು ಗೌರವ.

ನನಗೆ ಬೇಕಿದ್ದದ್ದು ತಬ್ಘಾ. ಯೇಸುವಿನ ಶಿಷ್ಯ ಪೇತ್ರನ ಹೆಸರಿನ ಪುಟ್ಟ ದೇವಾಲಯ, ಕಪ್ಪು ಕಲ್ಲಿನದು, ನೀರಿನ ಅಂಚಿಗೇ ನಿಂತಿದೆ. 1933ರಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಕಟ್ಟಿಸಿದ್ದು. ಒಳಗೆ ನೆಲದಿಂದ ಎದ್ದ ದೊಡ್ಡ ಬಂಡೆ. ಪುನರುತ್ಥಾನದ ನಂತರ ಯೇಸು ಶಿಷ್ಯರಿಗೆ ಬೆಳಗಿನ ಊಟ ಕೊಟ್ಟದ್ದು ಇದರ ಮೇಲೆ ಎಂಬ ನಂಬಿಕೆ. ಇದೇ ಬಂಡೆಯೋ ಅಲ್ಲವೋ, ಆ ತಕರಾರು ನನಗೆ ಬೇಕಿರಲಿಲ್ಲ.

ಈ ಪ್ರಸಂಗ ಬರುವ, ಬೈಬಲಿನ ಯೋಹಾನನ ಸುವಾರ್ತೆಯ 21ನೇ ಅಧ್ಯಾಯ ಮಾವನ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ! ಶಿಷ್ಯರು ರಾತ್ರಿಯಿಡೀ ಬಲೆ ಬೀಸಿದರೂ ಏನೂ ಸಿಗದೆ, ಬೆಳಗ್ಗೆ 153 ಮೀನು. ದಡದಲ್ಲಿ ಕೆಂಡ, ರೊಟ್ಟಿ. ಮಾವ ಅಲ್ಲಿ ಬೆರಳೆತ್ತುತ್ತಿದ್ದರು: “ಕ್ರಮ ನೋಡಮ್ಮಾ. ಮೊದಲು ಊಟ, ಆಮೇಲೆ ‘ನನ್ನನ್ನು ಪ್ರೀತಿಸುತ್ತೀಯೋ’ ಎಂಬ ಪ್ರಶ್ನೆ, ಅಪ್ಪಣೆ ಕೊನೆಗೆ. ನಾವು ತಲೆಕೆಳಗು ಮಾಡಿಕೊಂಡಿದ್ದೀವಿ.” ಯೇಸು ಸೆರೆಯಾದ ರಾತ್ರಿ ಕೆಂಡದ ಬೆಂಕಿಯ ಬಳಿ ಮೂರು ಸಲ ಅವನನ್ನು ಅರಿಯೆನೆಂದ ಪೇತ್ರನಿಗೆ, ಇಲ್ಲಿ ಕೆಂಡದ ಬಳಿಯೇ ಮೂರು ಸಲ ಪ್ರಶ್ನೆ. ತಪ್ಪೊಪ್ಪಿಗೆ ಬರೆಸಿಕೊಳ್ಳಲಿಲ್ಲ, ಇನ್ನು ಮೇಲೆ ಹೀಗೆ ಮಾಡೆನೆಂದು ಆಣೆ ಹಾಕಿಸಲಿಲ್ಲ. “ನನ್ನ ಕುರಿಗಳನ್ನು ಮೇಯಿಸು” ಎಂದು ಕೆಲಸ ವಹಿಸಿದ, ಅಷ್ಟೆ.

ಮಾವ ದೇವರಿಗೆ ಹೆದರಿ ಏನನ್ನೂ ಮಾಡಿದ್ದು ನಾನು ಕಾಣೆ. ಹಾಸಿಗೆ ಹಿಡಿದಿದ್ದ ಹಳೆಯ ಸಹೋದ್ಯೋಗಿಯೊಬ್ಬರ ಮನೆಗೆ ವಾರವಾರ ಹೋಗಿ ಪೇಪರ್ ಓದಿ ಹೇಳುತ್ತಿದ್ದರು. ಆ ಮನುಷ್ಯ ಒಂದು ಕಾಲದಲ್ಲಿ ಇವರ ಬಡ್ತಿ ತಪ್ಪಿಸಿದವರಂತೆ. ಅದನ್ನೂ ನನಗೆ ಹೇಳಿದವರು ಅತ್ತೆ.

ಹೊರಗೆ ತೋಟದಲ್ಲಿ ಯೇಸು, ಪೇತ್ರರ ಕಂಚಿನ ಪ್ರತಿಮೆ. ಅದರ ಮುಂದೆ ಫೋಟೋಗೆ ಸಾಲು. ನಾನು ನೀರಿನ ಬಳಿ ಕೂತು ಅಧ್ಯಾಯದ ಉಳಿದ ಭಾಗ ಓದಿದೆ. ಮುದುಕನಾದಾಗ ನೀನು ಕೈ ಚಾಚುವಿ, ಬೇರೊಬ್ಬನು ನಿನ್ನ ನಡು ಕಟ್ಟಿ ನಿನಗೆ ಇಷ್ಟವಿಲ್ಲದ ಕಡೆ ಒಯ್ಯುವನು ಎಂಬ ಮಾತು. ಪೇತ್ರನ ಸಾವಿನ ಸೂಚನೆ ಅದು. ನನ್ನ ಕಣ್ಣಿಗೆ ಬಂದದ್ದು ಮಾತ್ರ ಕೊನೆಯ ತಿಂಗಳುಗಳ ಮಾವ. ಅಂಗಿ ತೊಡಿಸಲು ಮಗ ಬಂದರೆ ಗೊಣಗದೆ ಎರಡೂ ಕೈ ಎತ್ತುತ್ತಿದ್ದರು. ಯಾರ ಹಂಗೂ ಬೇಡವೆಂದು ಬದುಕಿದವರಿಗೆ ಅದಕ್ಕಿಂತ ಕಠಿಣ ವಿಧೇಯತೆ ಇರಲಿಲ್ಲ.

ಅಷ್ಟರಲ್ಲಿ ಗೈಡ್ ಕೂಗಿದರು. ಕಪೆರ್ನೌಮಿಗೆ ಹೋಗುವ ಬಸ್ಸಿನಲ್ಲಿ ಗಂಡನಿಗೆ ನೆನಪಿಸಿದೆ: ಇಷ್ಟೆಲ್ಲ ಆದಮೇಲೂ ಪೇತ್ರ ಹಿಂತಿರುಗಿ ಇನ್ನೊಬ್ಬ ಶಿಷ್ಯನನ್ನು ತೋರಿಸಿ “ಇವನ ಗತಿ ಏನು?” ಅಂತಾನಲ್ಲ, “ಅದು ನಿನಗೇಕೆ?” ಅನ್ನಿಸಿಕೊಳ್ಳುತ್ತಾನಲ್ಲ. ಅಲ್ಲಿಗೆ ಬಂದಾಗೆಲ್ಲ ಮಾವ ಪ್ರಾರ್ಥನೆಯ ಹೊತ್ತೆಂಬುದನ್ನೂ ಮರೆತು ಗಟ್ಟಿಯಾಗಿ ನಗುತ್ತಿದ್ದರು. ನಾವೂ ನಕ್ಕೆವು. ಮುಂದಿನ ಸೀಟಿನವರು ತಿರುಗಿ ನೋಡಿದರು.