ಅಳಿಯನಿಗೆ ತುಳುವಿನಲ್ಲಿ ಒಂದು ಪರೀಕ್ಷೆ

ಈ ವಾರ ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದೆ. ಪಡುಬಿದ್ರಿ ದಾಟಿದ ಮೇಲೆ ಪಕ್ಕದಲ್ಲಿ ಕೂತ ಹಿರಿಯರು ಲಾಕ್ ತೆಗೆದ ಮೊಬೈಲನ್ನು ನನ್ನ ಕೈಗೇ ಕೊಟ್ಟರು. "ಕನ್ನಡಕ ಮೇಲಿನ ಬ್ಯಾಗಿನಲ್ಲುಂಟು. ಒಂದು ನಂಬರ್ ಬಂದಿದೆಯಂತೆ, ಸ್ವಲ್ಪ ಓದಿ ಹೇಳ್ತೀರಾ?" (ಮಾತೆಲ್ಲ ನಡೆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ನೋಡಿದರೆ ವಾಟ್ಸಾಪಿನ ಆರು ಅಂಕಿಯ ಕೋಡ್. ಯಾರಿಗೂ ಹೇಳಬೇಡಿ ಎಂದು ಇಂಗ್ಲಿಷಿನಲ್ಲಿ ಅದರಲ್ಲೇ ಬರೆದಿದೆ. ಯಾರು ಕೇಳಿದ್ದು ಎಂದೆ.

"ನನ್ನ ಅಳಿಯ, ದುಬೈಯಲ್ಲಿದ್ದಾನೆ. ಅವನ ಕೋಡ್ ತಪ್ಪಿ ನನಗೆ ಬಂದಿದೆಯಂತೆ. ಅರ್ಜೆಂಟಂತೆ, ಪಾಪ."

ಇದು ಹೇಳುವ ನಂಬರ್ ಅಲ್ಲ ಎಂದೆ. ಅವರಿಗೆ ಸಿಟ್ಟು ಬಂತು. "ಅಳಿಯ ಮಾರಾಯ್ರೆ, ಹೊರಗಿನವನಲ್ಲ!"

ಟಿಕೆಟ್ ಕೊಡುತ್ತಾ ಬಂದ ಕಂಡಕ್ಟರ್ ಹುಡುಗ ಅಲ್ಲೇ ನಿಂತ. "ಯಜಮಾನ್ರೆ, ಅಳಿಯನಿಗೆ ಒಂದು ಫೋನ್ ಮಾಡಿ." ದುಬೈಗೆ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ರಾತ್ರಿ ಬೋಟಿಮ್ ಆ್ಯಪ್‌ನಲ್ಲಿ ಮಾತಾಡುವುದು, ಈಗ ಅವನು ಡ್ಯೂಟಿಯಲ್ಲಿರುತ್ತಾನೆ, ಸುಮ್ನೆ ಯಾಕೆ ತೊಂದರೆ ಎಂದರು ಇವರು. "ಹಾಗಾದರೆ ತುಳುವಿನಲ್ಲಿ ಎಂತದಾದರೂ ಕೇಳಿ" ಎಂದ ಅವನು. ನಾನೇ ಟೈಪ್ ಮಾಡಿದೆ: ಒಣಸ್ ಆಂಡಾ? (ಊಟ ಆಯಿತಾ?) ಉತ್ತರ ಥಟ್ಟನೆ ಬಂತು: "ಬೇಗ ಕೋಡ್ ಕಳಿಸಿ ಅಂಕಲ್."

"ನಿಮ್ಮ ಅಳಿಯನಿಗೆ ಊಟದ ಚಿಂತೆಯೇ ಇಲ್ಲ" ಎಂದು ಹೇಳಿ ಕಂಡಕ್ಟರ್ ಮುಲ್ಕಿ, ಮುಲ್ಕಿ ಎಂದು ಕೂಗುತ್ತಾ ಮುಂದೆ ಹೋದ. ಅವನು ಜೋರಿನ ಜನ, ಚಿಲ್ಲರೆ ಕೇಳಿದರೆ ಮುಖ ಸಿಂಡರಿಸುವವನು. ಆದರೂ ಇಂಥ ಬುದ್ಧಿ ಎಷ್ಟು ಮಂದಿಗೆ ಬಂದೀತು?

ನಗು ಅಲ್ಲಿಗೆ ನಿಂತಿತು. ಹಿರಿಯರು ಅಳಿಯನ ತಾಯಿಗೆ, ಅಂದರೆ ತನ್ನ ಅಕ್ಕನಿಗೆ ಫೋನ್ ಮಾಡಿದರು. ಅವರಿಗೂ ಬೆಳಿಗ್ಗೆ ಇದೇ ಮೆಸೇಜ್ ಬಂದಿತ್ತು. ಕೋಡ್ ಕಳಿಸಿಯೂ ಆಗಿತ್ತು.

ಈ ಆಟ ನಡೆಯುವುದು ಹೀಗೆ. ಕಳ್ಳ ಮೊದಲು ಅಳಿಯನ ಖಾತೆ ಹಿಡಿಯುತ್ತಾನೆ. ಆಮೇಲೆ ಮಾವನ ನಂಬರನ್ನು ತನ್ನ ಫೋನಿನಲ್ಲಿ ಹಾಕುತ್ತಾನೆ, ಕೋಡ್ ಮಾವನಿಗೆ ಹೋಗುತ್ತದೆ. ಅದು ಸಿಕ್ಕಿತೋ, ಮಾವನ ಹೆಸರಲ್ಲಿ ಊರೆಲ್ಲ ಸಾಲ ಕೇಳುವುದು ಸುಲಭ. ಹಳೆಯ ಚಾಟ್ ಮಾತ್ರ ತನ್ನಷ್ಟಕ್ಕೆ ಅವನ ಫೋನಿಗೆ ಬರುವುದಿಲ್ಲ. ಹಾಗಾಗಿ ಈ ಮನೆಯವರು ತಮ್ಮತಮ್ಮಲ್ಲಿ ಯಾವ ಭಾಷೆ ಆಡುತ್ತಾರೆ ಎಂಬುದೇ ಅವನಿಗೆ ಗೊತ್ತಿಲ್ಲ. ಆ ಅಕ್ಕನಿಗೆ ಫೋನಿನಲ್ಲೇ ಹೇಳಿದೆ: ವಾಟ್ಸಾಪಿಗೆ ಮತ್ತೆ ನಂಬರ್ ಹಾಕಿ, ಹೊಸ ಕೋಡ್ ಬರುತ್ತದೆ, ಅದನ್ನು ಹಾಕಿದರೆ ಕಳ್ಳ ಹೊರಗೆ ಬೀಳುತ್ತಾನೆ. ಅವನು ಆಗಲೇ ಟೂ-ಸ್ಟೆಪ್ ಪಿನ್ (ಕೋಡಿನ ಮೇಲೆ ಕೇಳುವ ಇನ್ನೊಂದು ಗುಟ್ಟಿನ ನಂಬರ್) ಇಟ್ಟಿದ್ದರೆ ನೀವು ಒಳಗೆ ಹೋಗಲು 7 ದಿನ ಕಾಯಬೇಕು, ಆದರೆ ಅವನಂತೂ ಹೊರಗೆ. ದುಡ್ಡು ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಇಂಥ ಕಥೆ ಕೇಳಿದ ಕೂಡಲೇ "ಓದಿದವರೂ ಮೂರ್ಖರಾಗ್ತಾರೆ" ಎಂದು ಷರಾ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ಆ ಹಿರಿಯರು ಮೂರ್ಖರಲ್ಲ. ಅಳಿಯನದೇ ನಂಬರ್, ಅವನದೇ ಫೋಟೋ, ಮೇಲೆ ಅವನದೇ ಹಳೆಯ ಮೆಸೇಜುಗಳು. ಇಷ್ಟೆಲ್ಲ ಇರುವಾಗ "ಇದು ನೀನೇನಾ?" ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಗೇಡು. ಅವರು ಸಂಕೋಚಪಟ್ಟರು, ಅಷ್ಟೆ. ಕಳ್ಳ ಬದುಕುವುದೇ ಆ ಸಂಕೋಚದ ಮೇಲೆ. 2016ರಿಂದ ವಾಟ್ಸಾಪ್ ಮೆಸೇಜುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಶನ್ ಇದೆ, ದಾರಿಯಲ್ಲಿ ಯಾರೂ ಓದಲಾರರು, ಒಪ್ಪಿದೆ. ಆದರೆ ನಾವೇ ಬಾಗಿಲು ತೆಗೆದು ಒಳಗೆ ಕರೆದರೆ ಬೀಗ ಎಂತ ಮಾಡೀತು?

"ಹೊರಗಿನವನಲ್ಲ" ಎಂದದ್ದು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಯಾಕೆಂದರೆ ಹೊರಗಿನವರಿಗೂ ನಾವು ಕೊಡುತ್ತೇವೆ. ಜೆರಾಕ್ಸ್ ಅಂಗಡಿಗೆ ಹೋದರೆ "ಇದಕ್ಕೆ ವಾಟ್ಸಾಪ್ ಮಾಡಿ" ಎಂದು ಗೋಡೆಯ ನಂಬರ್ ತೋರಿಸುತ್ತಾರೆ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಮಗುವಿನ ಜನನ ಪತ್ರ, ಎಲ್ಲ ಆ ಒಂದು ಕಂಪ್ಯೂಟರಿಗೆ. ವಾಟ್ಸಾಪ್ ವೆಬ್ ಬೆಳಗಿನಿಂದ ರಾತ್ರಿವರೆಗೆ ತೆರೆದೇ ಇರುತ್ತದೆ, ಸರದಿಯಲ್ಲಿ ನಿಂತವರಿಗೆಲ್ಲ ನಮ್ಮ ಫೋಟೋ ಕಾಣುತ್ತದೆ. ಪ್ರಿಂಟ್ ಆದ ಮೇಲೆ ಡಿಲೀಟ್ ಮಾಡಿ ಎಂದರೆ "ಇಲ್ಲಿ ಎಂತ ಆಗುದಿಲ್ಲ ಅಕ್ಕಾ" ಎನ್ನುತ್ತಾರೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಎಷ್ಟೋ ಕಡೆ ಅಷ್ಟೇ ಸಾಕು. ಕೊಟ್ಟರೆ ನಾನೇನೋ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಾರೆ.

ಮನೆಗೆ ಬಂದು ಕುಟುಂಬದ ಗ್ರೂಪಿನಲ್ಲಿ ಹಾಕಿದೆ: ಯಾರ ಹೆಸರಲ್ಲಿ ಕೋಡ್ ಅಥವಾ ದುಡ್ಡು ಕೇಳಿ ಮೆಸೇಜ್ ಬಂದರೂ ನಾನು ಫೋನ್ ಮಾಡಿ ಸ್ವರ ಕೇಳಿಯೇ ನಂಬುವುದು, ಬೇಜಾರು ಮಾಡಬೇಡಿ. ದೊಡ್ಡಪ್ಪ ಬೇಜಾರು ಮಾಡಿಕೊಂಡರು. "ನಮ್ಮ ಮೇಲೂ ಸಂಶಯವಾ?" ಎಂದು ಕೈ ಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ಎಲ್ಲರೂ ಸೆಟ್ಟಿಂಗ್ಸಿಗೆ ಹೋಗಿ ಟೂ-ಸ್ಟೆಪ್ ವೆರಿಫಿಕೇಶನ್ ಹಾಕಿ ಎಂದೂ ಬರೆದಿದ್ದೆ. ಹಾಕಿದ್ದು ಚಿಕ್ಕಮ್ಮ ಒಬ್ಬರೇ. ಮರೆತುಹೋಗಬಾರದೆಂದು ಪಿನ್ನನ್ನು ಗ್ರೂಪಿನಲ್ಲೇ ಬರೆದಿಟ್ಟರು! ಯಾರೋ ಅದಕ್ಕೆ ಹೆಬ್ಬೆರಳು ಬೇರೆ ಒತ್ತಿದ್ದರು. ಫೋನ್ ಮಾಡಿ, ಅಳಿಸಿ ಚಿಕ್ಕಮ್ಮಾ, ಬೇರೆ ಪಿನ್ ಇಡಿ ಎಂದೆ. ಮರುದಿನ ಅವರೇ ಫೋನ್ ಮಾಡಿದರು, ಬೇರೆ ಇಟ್ಟಾಯಿತಂತೆ. "ನಿನಗೆ ಮಾತ್ರ ಹೇಳುದು, ಬರ್ಕೋ" ಎಂದು ಶುರು ಮಾಡಿದರು. ನಾನು ಫೋನ್ ಇಟ್ಟುಬಿಟ್ಟೆ.